ಇಳಕಲ್ಲಿನ ಸೀರೆಯ ಕೊಂಡಿ



ಬಾಗಲಕೋಟೆಯ ಸೀಮೆಯ ಇತಿಹಾಸವೆಂದೊಡನೆ ನಮ್ಮ ಮನಸ್ಸು ಬಾದಾಮಿಯ ಗುಹೆಗಳ ಕಡೆಗೆ ಓಡುವುದು ಸಹಜವೇ ಸರಿ. ಅಲ್ಲಿನ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವುಂಟು. ಅದರ ಕಾಲ ಶಕವರ್ಷ ೫೦೦, ಎಂದರೆ ಕ್ರಿಸ್ತಶಕ ೫೭೮. ಅದೇ ಗುಹೆಯ ಕಂಬಗಳ ಮೇಲೆ ನಿಂತಿರುವ ದಂಪತಿಗಳ ಉಡುಗೆಯ ಮಡಿಕೆಗಳನ್ನು ನೋಡಿ, ಇಳಕಲ್ಲಿನ ಸೀರೆಯೂ ಚಾಲುಕ್ಯರ ಕಾಲದಿಂದಲೇ ಬಂದುದೆಂದು ಹೇಳಿಬಿಡುವವರು ಕೆಲವರುಂಟು. ಈ ಅವಸರವು ನಮಗೆ ಒಪ್ಪಿಗೆಯಾಗದು. ಶಿಲ್ಪಿಯು ಬಟ್ಟೆಯ ನಿರಿಗೆಯನ್ನು ಕಲ್ಲಿನಲ್ಲಿ ತೋರಿಸಬಲ್ಲನು. ಹಾಸಿನ ಒಂದು ಎಳೆ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಯಿತೆಂಬುದನ್ನು ತೋರಿಸಲಾರನು. ಇಳಕಲ್ಲಿನ ಸೀರೆಯ ಕುಲಗೋತ್ರವಾದರೋ ಸರಿಯಾಗಿ ಆ ಒಂದು ಸ್ಥಳದಲ್ಲಿಯೇ ಅಡಗಿದೆ. ಆದುದರಿಂದ ಈ ಹೊತ್ತು ನಾವು ಕಲ್ಲನ್ನು ಬಿಟ್ಟು ಬಟ್ಟೆಯನ್ನೇ ಒಂದು ಶಾಸನವೆಂದು ಭಾವಿಸಿ ಓದೋಣ.

ಇಳಕಲ್ಲು ಹುನಗುಂದದ ನೆರೆಯ ಊರು. ಕೆಂಪು ಕಣಶಿಲೆಗೆ ಹೆಸರಾದದ್ದು. ಸೀರೆಗೆ ಅದಕ್ಕಿಂತ ಹೆಚ್ಚಿನ ಹೆಸರು. ಸುತ್ತಲೂ ಜೋಳವನ್ನೂ ಹತ್ತಿಯನ್ನೂ ಬೆಳೆಯುವ ಎರೆಯ ನೆಲ. ಈ ಸೀಮೆಯು ಮೊದಲು ಕಲಾದಗಿ ಜಿಲ್ಲೆಯೆನಿಸಿಕೊಂಡಿತ್ತು. ೧೮೮೫ರಲ್ಲಿ ಜಿಲ್ಲೆಯ ಮುಖ್ಯಸ್ಥಾನ ಬಿಜಾಪುರಕ್ಕೆ ಹೋಯಿತು. ೧೯೯೭ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಇಷ್ಟು ಸಲ ಹೆಸರು ಬದಲಾದರೂ ಮಗ್ಗದ ಮುಂದೆ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನ ಕೆಲಸ ಮಾತ್ರ ಬದಲಾಗಲಿಲ್ಲ.

ಸಾಮಾನ್ಯವಾದ ಸೀರೆಗೆ ನೇಕಾರನು ಉದ್ದವಾದ ಒಂದು ಹಾಸನ್ನು ಮಗ್ಗಕ್ಕೆ ಏರಿಸಿ, ಒಂದರ ಹಿಂದೊಂದರಂತೆ ಹಲವು ಸೀರೆಗಳನ್ನು ನೇಯ್ದು ಕತ್ತರಿಸಿ ಕೊಡುವನು. ಇಳಕಲ್ಲಿನಲ್ಲಿ ಹಾಗೆ ಆಗುವಂತಿಲ್ಲ. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯ ಹಾಸು ಬೇರೆ. ಸಂಪ್ರದಾಯದ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಒಂದೊಂದು ಎಳೆಯ ತುದಿಯನ್ನು ಕುಣಿಕೆಯಾಗಿ ಬಿಟ್ಟು, ಆ ಕುಣಿಕೆಯಲ್ಲಿ ಸೆರಗಿನ ಎಳೆಯ ಕುಣಿಕೆಯನ್ನು ತೊಡಿಸಬೇಕು. ಎರಡು ಕೈಗಳ ತೋರುಬೆರಳುಗಳನ್ನು ಬಾಗಿಸಿ ಒಂದರೊಳಗೊಂದನ್ನು ಸಿಕ್ಕಿಸಿ ಎಳೆದು ನೋಡಿದರೆ ಈ ಕೂಟದ ಮರ್ಮ ತಿಳಿಯುವುದು. ಎಷ್ಟು ಬಲವಾಗಿ ಎಳೆದರೆ ಅಷ್ಟು ಬಿಗಿಯಾಗುವುದು. ಇದಕ್ಕೆ ಕೊಂಡಿ ಎಂದು ಹೆಸರು. ಸೀರೆಯ ಅಗಲದ ಉದ್ದಕ್ಕೂ ಇರುವ ಸಾವಿರಾರು ಎಳೆಗಳಿಗೆ ಹೀಗೆ ಕೊಂಡಿ ಹಾಕಬೇಕು. ಹೀಗಾಗಿ ಹಾಸನ್ನು ಒಂದು ಸೀರೆಗೆಂದೇ ಅಣಿಮಾಡಬೇಕಾಗುವುದು. ಅದು ಆರು ಗಜದ್ದಾಗಲಿ, ಎಂಟು ಗಜದ್ದಾಗಲಿ, ಕಚ್ಚೆಯುಡುವ ಒಂಬತ್ತು ಗಜದ್ದಾಗಲಿ. ಅದು ಮುಗಿದರೆ ಮತ್ತೆ ಮೊದಲಿನಿಂದ.

ಇಷ್ಟು ಕಷ್ಟವನ್ನು ತಾವಾಗಿಯೇ ತಂದುಕೊಳ್ಳಲು ಕಾರಣವೇನು? ಹತ್ತಿಯ ಒಡಲಿನ ಹಾಸನ್ನೇ ಸೆರಗಿನವರೆಗೆ ಮುಂದುವರಿಸಿ ಕೆಂಪು ಹೊಕ್ಕನ್ನು ಹಾಕಿದ್ದರೆ ಸಾಲದಾಗಿತ್ತೆ? ಸಾಲದು. ಒಡಲಿನ ಹಾಸು ಕಪ್ಪೋ ನೀಲಿಯೋ ಹಸುರೋ ಆಗಿದ್ದರೆ, ಅದರ ಮೇಲೆ ಹಾದ ಕೆಂಪು ಕೆಂಪಾಗಿ ಉಳಿಯದೆ ಮಬ್ಬಾಗುವುದು. ಮುತ್ತೈದೆಯ ಸೆರಗಿನ ಕೆಂಪು ಮಬ್ಬಾಗಬಾರದು. ಹಾಗೆಂದು ಇಡೀ ಸೀರೆಯನ್ನು ರೇಷ್ಮೆಯಲ್ಲಿ ನೇಯಿಸುವ ಶಕ್ತಿ ಹೊಲಮನೆಯ ಕೆಲಸ ಮಾಡುವವಳಿಗೆ ಎಲ್ಲಿಂದ ಬಂದೀತು? ಬಿಸಿಲಿಗೆ, ಬೆವರಿಗೆ, ಬಂಡೆಯ ಮೇಲಿನ ಒಗೆತಕ್ಕೆ ತಡೆಯಬೇಕಾದ ಕಡೆಯಲ್ಲಿ ಹತ್ತಿ. ತಲೆಯ ಮೇಲೂ ಹೆಗಲ ಮೇಲೂ ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆಯಲ್ಲಿ ರೇಷ್ಮೆ. ಅರ್ಥಶಾಸ್ತ್ರದ ಪಂಡಿತರು ದೊಡ್ಡ ಗ್ರಂಥದಲ್ಲಿ ಹೇಳುವ ಮಿತವ್ಯಯವನ್ನು ಈ ಸೀಮೆಯ ನೇಕಾರನು ಒಂದು ಕುಣಿಕೆಯಲ್ಲಿ ಸಾಧಿಸಿದನು. ಕೊಂಡಿಯನ್ನು ಬರಿಯ ಅಲಂಕಾರವೆಂದು ಹೊಗಳುವವರಿಗೆ ಈ ಲೆಕ್ಕಾಚಾರ ಕಾಣುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದರ ಚೆಲುವೆಲ್ಲ ಈ ಲೆಕ್ಕದಿಂದಲೇ ಹುಟ್ಟಿದ್ದು.

ಈ ಸೆರಗಿಗೆ ಟೋಪ ತೆನಿ ಸೆರಗು ಎಂದು ಹೆಸರು. ಮೂರು ಕಡೆ ಅಚ್ಚ ಕೆಂಪು, ಅವುಗಳ ನಡುವೆ ಎರಡು ಕಡೆ ಬಿಳಿ. ಬಿಳಿಯು ಗೋಪುರದಂತೆ ಏರಿ ಕೆಂಪಿನೊಳಕ್ಕೆ ಹೋಗುವುದು. ತೆನೆಯೆಂದರೆ ಜೋಳದ ತೆನೆಯೂ ಹೌದು. ಹಳೆಯ ಮಾತಿನಲ್ಲಿ ಕೋಟೆಯ ಗೋಡೆಯ ಮೇಲಿನ ತೆನೆಯೂ ಹೌದು. ನೇಕಾರರಲ್ಲಿ ಇದನ್ನು ಜೋಳದ ತೆನೆಯೆನ್ನುವವರೇ ಹೆಚ್ಚು. ಬಾಚಣಿಗೆಯ ಹಲ್ಲಿನಂತಿರುವುದು ಹಣಿಗೆ. ಕೋಟೆಯ ಗೋಡೆಯಂತಿರುವುದು ಕೋಟಿ ಕಮ್ಮಲಿ. ಬೆಟ್ಟದ ಸಾಲಿನಂತಿರುವುದು ರಂಪ. ದಡಿಗಳಿಗೂ ಹೆಸರುಂಟು: ಗೋಮಿ, ಪರಾಸಪೇಟೆ, ಗಾಡಿ, ಚಿಕ್ಕಿಪರಾಸ. ಹೊಲದಲ್ಲಿ ಜೋಳ, ದಿಗಂತದಲ್ಲಿ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಮನೆಯೊಳಗೆ ಬಾಚಣಿಗೆ, ಇವಿಷ್ಟನ್ನೂ ಒಬ್ಬಳು ಹೆಗಲ ಮೇಲೆ ಹೊದ್ದು ಸಂತೆಗೆ ಹೋಗುವಳು. ಊರಿನ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಇದಕ್ಕಿಂತ ಚಿಕ್ಕದಾದ ವಿಷಯಸೂಚಿ ಸಿಕ್ಕುವುದು ಕಷ್ಟ.

ಕೆಂಪು ಬಣ್ಣಕ್ಕೂ ತನ್ನದೇ ಆದ ಕಥೆಯುಂಟು. ದಕ್ಷಿಣಾಪಥದ ಬಣ್ಣಗಾರರು ಅರಗಿನಿಂದಲೂ ಮಡ್ಡಿಗಿಡದ ಬೇರಿನಿಂದಲೂ ಕೆಂಪನ್ನು ತೆಗೆಯುತ್ತಿದ್ದರು. ೧೮೫೬ರಲ್ಲಿ ಪರ್ಕಿನ್ ಎಂಬ ಆಂಗ್ಲ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ನೇರಿಳೆಯ ಬಣ್ಣವನ್ನು ತೆಗೆದನು. ೧೮೬೮ರಲ್ಲಿ ಗ್ರೇಬೆ, ಲೀಬರ್‌ಮನ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು ಬೇರಿನ ಕೆಂಪನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಅಲ್ಲಿಂದ ಮುಂದೆ ಡಬ್ಬಿಯ ಬಣ್ಣವು ಹಿಂದೂಸ್ಥಾನದ ಮಗ್ಗಗಳಿಗೆಲ್ಲ ಬಂದು, ಮಡ್ಡಿಯ ಬೇರನ್ನು ಅಗೆಯುವವರು ಇಲ್ಲವಾದರು. ಗಿರಣಿಯ ನೂಲೂ ಬಂದಿತು, ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯೂ ಬಂದಿತು. ನೂಲು ಹೊರಗಿನದಾಯಿತು, ಬಣ್ಣ ಹೊರಗಿನದಾಯಿತು. ಕೊಂಡಿಯೊಂದು ಮಾತ್ರ ಊರಿನದಾಗಿಯೇ ಉಳಿಯಿತು.

ಕುಣಿಕೆಯೊಳಗೆ ಕುಣಿಕೆಯನ್ನು ಸೇರಿಸುವುದು ಬೇರೆ ದೇಶಗಳಲ್ಲಿ ಇಲ್ಲವೆಂದಲ್ಲ. ಚಳಿಯ ನಾಡುಗಳ ಹೆಂಗಸರು ಉಣ್ಣೆಯನ್ನು ಕಡ್ಡಿಗಳಲ್ಲಿ ಬಳಸಿ ಬಳಸಿ ಹೆಣೆದು, ಎಲ್ಲಿಯೂ ಹೊಲಿಗೆಯಿಲ್ಲದ ಕೊರಳವಸ್ತ್ರವನ್ನು ಮುಗಿಸುವರು. ಕಾಂಚೀಪುರದವರು ಪೆಟ್ನಿ ಎಂಬ ಕ್ರಮದಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೂಡಿಸುವರು. ಆದರೆ ಎಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸುವುದು ದಕ್ಷಿಣ ಅಮೆರಿಕದ ಪೆರು ದೇಶ. ಸ್ಪೇನಿನವರು ಅಲ್ಲಿಗೆ ಕಾಲಿಡುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ನಾಸ್ಕಾ ಜನರು ಒಂದು ಬಣ್ಣದ ಹಾಸನ್ನು ಅಲ್ಲಲ್ಲಿಯೇ ನಿಲ್ಲಿಸಿ, ಇನ್ನೊಂದು ಬಣ್ಣದ ಹಾಸಿಗೆ ಕುಣಿಕೆಯಿಂದ ಸೇರಿಸಿ ನೇಯುತ್ತಿದ್ದರು. ಅವರಿಗೂ ಬೇಕಾಗಿದ್ದುದು ಅದೇ: ಕೆಂಪು ಕೆಂಪಾಗಿಯೇ ಇರಬೇಕು. ಹುನಗುಂದಕ್ಕೂ ಪೆರುವಿಗೂ ಸಂಬಂಧವನ್ನು ಹುಡುಕುವ ಉತ್ಸಾಹಿಗಳನ್ನು ನಾವು ಬೇಡಿಕೊಳ್ಳುವುದಿಷ್ಟೆ: ಒಂದೇ ತೊಡಕು ಎದುರಾದಾಗ ಎರಡು ಕಡೆಯ ಬೆರಳುಗಳು ಒಂದೇ ಉಪಾಯವನ್ನು ಕಂಡುಕೊಳ್ಳಬಲ್ಲವು, ಅದಕ್ಕೆ ಹಡಗು ಬೇಕಾಗಿಲ್ಲ.

ಸೀರೆ ಮಗ್ಗದಿಂದ ಇಳಿದ ಮೇಲೂ ಕೆಲಸ ಉಳಿದಿರುವುದುಂಟು. ಸೆರಗಿನ ಬಳಿಯಲ್ಲಿ ಕಸೂತಿ ಹಾಕುವ ಪದ್ಧತಿ ಧಾರವಾಡ ಬಿಜಾಪುರಗಳ ಮನೆಗಳಲ್ಲಿ ಬೆಳೆದು ಬಂದದ್ದು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿಯು ಒಂದೊಂದು ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗಿ, ಬಿಟ್ಟ ಹೆಜ್ಜೆಗಳನ್ನು ತುಂಬುತ್ತ ಹೊರಟ ಜಾಗಕ್ಕೇ ಹಿಂದಿರುಗಬೇಕು. ಗಂಟು ಹಾಕುವಂತಿಲ್ಲ. ಹಿಂಬದಿಯೂ ಮುಂಬದಿಯೂ ಒಂದೇ ಆಗಿ ಕಾಣಬೇಕು. ಆನೆ, ಗೋಪುರ, ಪಲ್ಲಕ್ಕಿ, ತುಳಸೀಕಟ್ಟೆಗಳನ್ನು ಮೊದಲೇ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕುವರು. ಇನ್ನು ಕುಪ್ಪಸಕ್ಕೆ ಬಾದಾಮಿಯ ಬಳಿಯ ಗುಳೇದಗುಡ್ಡದ ಖಣವೇ ಆಗಬೇಕು. ಉಡಿ ತುಂಬುವಾಗ ಅದಿಲ್ಲದೆ ನಡೆಯದು. ಖಣದ ಮಾತು ಇನ್ನೊಂದು ಭಾಷಣಕ್ಕಾಗುವಷ್ಟಿದೆ.

ಈಗ ಕಷ್ಟದ ಮಾತಿಗೆ ಬರೋಣ. ಹಾಸು ಮಾಡುವುದು, ಕಂಡಿಕೆ ಸುತ್ತುವುದು, ಎಳೆಗಳನ್ನು ಅಣಿಗೊಳಿಸುವುದು, ಮಗ್ಗಕ್ಕೆ ಮುಂಚಿನ ಈ ಕೆಲಸಗಳಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು. ಕೂಲಿಯನ್ನು ಸೀರೆಗೆ ಇಷ್ಟೆಂದು ಕಟ್ಟುವರು. ಅದು ಮಗ್ಗದ ಮೇಲೆ ಕುಳಿತವನ ಹೆಸರಿಗೆ ಸಲ್ಲುವುದು. ಲಾಳಿಯ ಸದ್ದು ಬೀದಿಗೆ ಕೇಳುವುದು. ಎಳೆ ಕೂಡಿಸುವ ಬೆರಳಿಗೆ ಸದ್ದಿಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. ವಿದ್ಯುತ್ ಮಗ್ಗಕ್ಕೆ ಈ ಕೊಂಡಿಯೇ ಅಡ್ಡಿ. ಸೀರೆಗೊಮ್ಮೆ ನಿಂತು ಸಾವಿರಾರು ಎಳೆ ಕೂಡಿಸುವ ತಾಳ್ಮೆ ಯಂತ್ರದ ಯಜಮಾನನಿಗೆ ಲಾಭವಲ್ಲ. ಅವನು ಕೊಂಡಿಯನ್ನು ಬಿಟ್ಟು ಅದರ ರೂಪವನ್ನಷ್ಟೇ ತೆಗೆದುಕೊಳ್ಳುವನು, ಅರ್ಧ ಬೆಲೆಗೆ ಮಾರಿದರೂ ಗೆಲ್ಲುವನು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾಯಿದೆ ೧೯೮೫ರಲ್ಲಿ ಆಯಿತು; ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಭೌಗೋಳಿಕ ಸೂಚಕದ ನೋಂದಣಿಯೂ ಇಳಕಲ್ಲಿನ ಸೀರೆಗೆ ದೊರೆತಿದೆ. ಇವೆಲ್ಲವೂ ಬೇಕಾದುವೇ. ಆದರೆ ಅಂಗಡಿಯ ಗಾದಿಯ ಮೇಲೆ ಕುಳಿತು ಕೊಳ್ಳುವವರು ಕೇಳುವುದು ಜರಿಯಿದೆಯೇ, ಬಣ್ಣ ಹೋಗುವುದೇ ಎಂಬ ಎರಡೇ ಪ್ರಶ್ನೆಗಳನ್ನು.

ಮೂರನೆಯದೊಂದನ್ನು ಕೇಳಲು ಪಾಂಡಿತ್ಯವೇನೂ ಬೇಡ. ಸೀರೆಯನ್ನು ಬಿಡಿಸಿಸಿ, ಒಡಲು ಮುಗಿದು ಸೆರಗು ಮೊದಲಾಗುವ ಕಡೆಯನ್ನು ಬೆಳಕಿಗೆ ಹಿಡಿಯಿರಿ. ಒಡಲಿನ ಬಣ್ಣದ ಎಳೆಗಳು ಸೆರಗಿನೊಳಗೂ ನೇರವಾಗಿ ಓಡಿದ್ದರೆ ಅದು ಕೊಂಡಿಯ ಸೀರೆಯಲ್ಲ. ಎಳೆಗಳೆಲ್ಲ ಒಂದೇ ಗೆರೆಯಲ್ಲಿ ನಿಂತು, ಅಲ್ಲಿಂದಾಚೆಗೆ ಹಾಸೂ ಹೊಕ್ಕೂ ಕೆಂಪಾಗಿದ್ದರೆ, ಆ ಗೆರೆಯ ಮೇಲೆ ಬೆರಳಾಡಿಸಿ. ಸಣ್ಣ ಸಣ್ಣ ಕುಣಿಕೆಗಳ ಸಾಲು ಕೈಗೆ ಹತ್ತುವುದು.