ಕೊನೇ ಪಂಕ್ತಿಯ ಸೈನಿಕನಿಗೂ ಪಾಯಸ ಬರಬೇಕು

ಗಡಿಯಲ್ಲಿ ಗುಂಡಿನ ಸದ್ದು ಕೇಳಿದ ಮರುದಿನವೇ ನಮ್ಮ ನ್ಯೂಸ್ ರೂಮಿನ ಫೋನ್ ಒಂದೇ ಸಮನೆ ಬಡಿದುಕೊಳ್ಳೋಕೆ ಶುರುವಾಗುತ್ತೆ. "ಸಾರ್, ನಮ್ಮ ಸೈನಿಕರಿಗೆ ಏನಾದ್ರೂ ಕಳಿಸ್ಬೇಕು, ಎಲ್ಲಿಗೆ ಕಳಿಸೋದು?" ಒಬ್ಬರು ಚಕ್ಕುಲಿ ಮಾಡಿಸ್ತೀವಿ ಅಂತಾರೆ. ಇನ್ನೊಬ್ಬರು ಸ್ವೆಟರ್ ಕೊಡ್ತೀವಿ ಅಂತಾರೆ. ಶಾಲೆ ಮಕ್ಕಳು ರಾಖಿ ಕಟ್ಟಿ ಕಳಿಸ್ತೀವಿ ಅಂತಾರೆ. ದೊಡ್ಡ ಮನಸ್ಸು, ಎರಡು ಮಾತಿಲ್ಲ. ಆದರೆ ಇಷ್ಟು ವರ್ಷದಲ್ಲಿ ಒಂದು ಪ್ರಶ್ನೆಯನ್ನ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕಳಿಸಿದ್ದು ಯಾರ ಕೈ ಸೇರುತ್ತೆ?

ನಾವು ಟಿವಿಯಲ್ಲಿ ಸಿಯಾಚಿನ್ ತೋರಿಸಿದರೆ ಜನ ಸಿಯಾಚಿನ್‌ಗೇ ಕಳಿಸ್ಬೇಕು ಅಂತಾರೆ. ರಾಜಸ್ಥಾನದ ಮರಳಲ್ಲಿ ಬೇಯುತ್ತಾ ನಿಂತವನ ಕಥೆ ಏನು? ಲಡಾಖಿನ ಘಾಟಿಯಲ್ಲಿ ಲಾರಿ ಓಡಿಸುವವನು? ಐನೂರು ಜನಕ್ಕೆ ರೊಟ್ಟಿ ಬೇಯಿಸುವವನು? ಅವರ ಹತ್ತಿರ ನಮ್ಮ ಕ್ಯಾಮೆರಾ ಹೋಗಲ್ಲ. ಕ್ಯಾಮೆರಾ ಹೋಗದ ಕಡೆ ಚಕ್ಕುಲಿನೂ ಹೋಗಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳೋಣ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅಂತ. ಕೇಳೋಕೆ ತಮಾಷೆ. ಆದರೆ ಅದರ ಒಳಗಿನ ಕಹಿ ನೋಡಿ. ಬಡಿಸುವವನು ನಮ್ಮವನಲ್ಲದಿದ್ದರೆ? ಕೊನೇ ಪಂಕ್ತಿಯವನಿಗೆ ಪಾಯಸ ಬರುವ ಹೊತ್ತಿಗೆ ಪಾತ್ರೆ ತಳ ಕಂಡಿರುತ್ತೆ. ಸೈನಿಕನಿಗೆ ಉಡುಗೊರೆ ಕಳಿಸುವ ವಿಚಾರದಲ್ಲೂ ಇದೇ ಪಂಕ್ತಿ, ಇದೇ ಪಾಯಸ. ಇದನ್ನ ಹೇಗೆ ಬಡಿಸಬೇಕು ಅಂತ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಒಂದಷ್ಟು ಜನ ಲಂಡನ್ನಿನಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದರು. ಆ ಕಥೆ ಕೇಳಿ.

1914ರ ಅಕ್ಟೋಬರ್. ಮೊದಲ ಮಹಾಯುದ್ಧ ಶುರುವಾಗಿ ಎರಡೂವರೆ ತಿಂಗಳು. ಬ್ರಿಟನ್ನಿನ ರಾಜ ಐದನೇ ಜಾರ್ಜ್‌ನ ಮಗಳು ಮೇರಿ, ವಯಸ್ಸು ಬರೀ ಹದಿನೇಳು. ಕ್ರಿಸ್‌ಮಸ್ ದಿನ ರಣರಂಗದಲ್ಲಿ, ಹಡಗಿನಲ್ಲಿ ಇರುವ ಪ್ರತಿಯೊಬ್ಬನಿಗೂ ಒಂದು ಉಡುಗೊರೆ ಕೊಡಬೇಕು ಅಂತ ಈ ಹುಡುಗಿಗೆ ಆಸೆ. ಮೊದಲು ತನ್ನ ಕೈಖರ್ಚಿನ ದುಡ್ಡಲ್ಲೇ ಕೊಡ್ತೀನಿ ಅಂದಳಂತೆ. ಆಗೋ ಮಾತಾ ಅದು? ಕೊನೆಗೆ ಅವಳ ಹೆಸರಲ್ಲಿ ಸಾರ್ವಜನಿಕ ನಿಧಿ ತೆರೆದರು, ಪತ್ರಿಕೆಗಳಲ್ಲಿ ಮನವಿ ಹಾಕಿದರು. ದೊಡ್ಡ ಶ್ರೀಮಂತರಿಗಿಂತ ಹೆಚ್ಚಾಗಿ ಸಾಮಾನ್ಯ ಜನ ಪುಡಿಗಾಸು ಕೂಡಿಸಿ ಕೊಟ್ಟರು. ಕೊನೆಗೆ ಸೇರಿದ್ದು 1,62,591 ಪೌಂಡ್!

ಉಡುಗೊರೆ ಏನು? ಅಂಗೈಯಲ್ಲಿ ಹಿಡಿಸುವ ಒಂದು ಹಿತ್ತಾಳೆ ಡಬ್ಬಿ. ಐದು ಇಂಚು ಉದ್ದ. ಮುಚ್ಚಳದ ಮೇಲೆ ರಾಜಕುಮಾರಿಯ ಮುಖ, ಸುತ್ತ ಮಿತ್ರದೇಶಗಳ ಹೆಸರು. ಅದರ ಜೊತೆಗೆ ಒಂದು ಪೈಪು, ಒಂದು ಔನ್ಸ್ ತಂಬಾಕು, ಇಪ್ಪತ್ತು ಸಿಗರೇಟು, ಒಂದು ಲೈಟರ್, ಶುಭಾಶಯದ ಕಾರ್ಡು, ರಾಜಕುಮಾರಿಯ ಫೋಟೋ.

ಇಲ್ಲಿಯವರೆಗೂ ಸುಲಭ. ದುಡ್ಡು ಕೂಡಿಸೋದು ಯಾವತ್ತೂ ಸುಲಭವೇ. ತಲೆನೋವು ಶುರುವಾಗೋದು ಹಂಚೋಕೆ ಕೂತಾಗ.

ಮೊದಲ ಪ್ರಶ್ನೆ: ಸಿಗರೇಟು ಸೇದದವನಿಗೆ ಏನು ಕೊಡೋದು? ತಂಬಾಕು ಮುಟ್ಟದವನ ಕೈಗೆ ಪೈಪು ಕೊಟ್ಟು "ನಿನಗೂ ಸಮಪಾಲು ಕೊಟ್ಟಿದ್ದೀವಪ್ಪ" ಅಂದರೆ ಅದು ನ್ಯಾಯವೋ, ಅಣಕವೋ? ಸಮಿತಿಯವರು ಯೋಚನೆ ಮಾಡಿದರು. ಸೇದದವರಿಗೆ ಬೇರೆ ಕಟ್ಟು ತಯಾರಾಯ್ತು: ಹುಳಿಮಿಠಾಯಿ, ಜೊತೆಗೆ ಪತ್ರ ಬರೆಯೋಕೆ ಕಾಗದ, ಪೆನ್ಸಿಲ್ ಇರುವ ಪುಟ್ಟ ಸೆಟ್ಟು. ರಣರಂಗದ ನರ್ಸ್‌ಗಳಿಗೆ ಚಾಕೊಲೇಟ್.

ಎರಡನೇ ಪ್ರಶ್ನೆ ನಮಗೆ ಸಂಬಂಧಪಟ್ಟಿದ್ದು. ಆ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಭಾರತದ ಸೈನಿಕರೂ ಇದ್ದರು. ಲಾಹೋರ್ ಡಿವಿಷನ್, ಮೀರತ್ ಡಿವಿಷನ್. ಸೆಪ್ಟೆಂಬರ್ ಕೊನೆಗೆ ಮಾರ್ಸೇ ಬಂದರಿನಲ್ಲಿ ಇಳಿದವರು ಒಂದು ತಿಂಗಳಲ್ಲೇ ಬೆಲ್ಜಿಯಂನ ಈಪ್ರ ಹತ್ತಿರ ಗುಂಡಿಗೆ ಎದೆ ಕೊಟ್ಟಿದ್ದರು. ಸಿಪಾಯಿ ಖುದಾದಾದ್ ಖಾನ್ ಅಕ್ಟೋಬರ್ 31ರಂದು ಒಬ್ಬನೇ ಮೆಷಿನ್‌ಗನ್ ಹಿಡಿದು ನಿಂತಿದ್ದಕ್ಕೆ ವಿಕ್ಟೋರಿಯಾ ಕ್ರಾಸ್ ಬಂದಿತ್ತು. ಕೆಸರು, ಮಂಜು, ಮೈಮೇಲೆ ನಮ್ಮ ಹವೆಗೆ ಹೊಲಿದ ತೆಳ್ಳನೆ ಖಾಕಿ. ಇವರಿಗೆ ಕ್ರಿಸ್‌ಮಸ್ ಡಬ್ಬಿಯಲ್ಲಿ ಏನು ಹಾಕೋದು?

ಎಲ್ಲರಿಗೂ ಅದೇ ಪೈಪು, ಅದೇ ತಂಬಾಕು ಕಳಿಸಿ ಕೈ ತೊಳ್ಕೊಬಹುದಿತ್ತು. ಕೇಳೋರು ಯಾರು? ಆದರೆ ಸಮಿತಿ ಹಾಗೆ ಮಾಡಲಿಲ್ಲ. ಗೂರ್ಖಾಗಳಿಗೆ ಬ್ರಿಟಿಷ್ ಸೈನಿಕರಿಗೆ ಕೊಟ್ಟದ್ದೇ. ಸಿಖ್ಖರಿಗೆ ತಂಬಾಕು ನಿಷಿದ್ಧ, ಹಾಗಾಗಿ ಅವರಿಗೆ ಕಲ್ಲುಸಕ್ಕರೆ, ಒಂದು ತಗಡಿನ ಡಬ್ಬಿಯಲ್ಲಿ ಮಸಾಲೆ ಪದಾರ್ಥ, ಕಾರ್ಡು. ಉಳಿದ ಭಾರತೀಯ ಸೈನಿಕರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ, ಕಾರ್ಡು. ಉಪ್ಪು ಖಾರ ಇಲ್ಲದ ಊಟ ಮಾಡಿ ನಾಲಿಗೆ ಸತ್ತುಹೋದ ಸೈನಿಕನಿಗೆ ಹಿಡಿ ಮಸಾಲೆ ಅಂದ್ರೆ ಏನು ಅಂತ ನಾನು ಹೇಳಬೇಕಾ? ವಿದೇಶದಲ್ಲಿರುವ ನಿಮ್ಮ ಮಗನಿಗೆ ಸಾರಿನ ಪುಡಿ ಕಳಿಸಿದ್ದೀರಲ್ಲ, ಅವನನ್ನ ಕೇಳಿ.

ಈಗ ಆ ಪಟ್ಟಿಯ ಕೊನೇ ಸಾಲಿಗೆ ಬನ್ನಿ. ಅಲ್ಲಿ ಒಂದು ಪದ ಇದೆ. ಭಿಸ್ತಿ. ಭಿಸ್ತಿ ಅಂದ್ರೆ ಚರ್ಮದ ಚೀಲದಲ್ಲಿ ನೀರು ತುಂಬಿ, ಬೆನ್ನ ಮೇಲೆ ಹೊತ್ತು ಸೈನಿಕರಿಗೆ ಕುಡಿಸುವವನು. ಕೈಯಲ್ಲಿ ಬಂದೂಕಿಲ್ಲ. ಆದರೆ ಬಂದೂಕು ಹಿಡಿದವನಿಗೆ ಹಾರುವ ಗುಂಡೇ ಇವನ ಕಡೆಗೂ ಹಾರುತ್ತೆ. ಸೈನ್ಯದ ಲೆಕ್ಕದಲ್ಲಿ ಇವನು ಸೈನಿಕನೇ ಅಲ್ಲ, 'ಹಿಂಬಾಲಕ'. ಇವನಿಗೂ ಬಂತು, ಒಂದು ತಗಡಿನ ಡಬ್ಬಿ ಮಸಾಲೆ, ಒಂದು ಕಾರ್ಡು.

ನಾನು ಇಲ್ಲಿ ಎರಡು ಮಾತು ಹೇಳ್ತೀನಿ, ಎರಡೂ ನಿಜ. ಒಂದು: ಲಂಡನ್ನಿನಲ್ಲಿ ಕೂತ ಸಮಿತಿಗೆ ನೀರು ಹೊರುವ ಒಬ್ಬ ಭಾರತೀಯ ನೆನಪಾದ. ಅದು ಸಣ್ಣದಲ್ಲ. ಎರಡು: ನೆನಪಾದ, ಆದರೆ ಪಂಕ್ತಿಯ ಕಟ್ಟಕಡೆಗೆ ನೆನಪಾದ. ಸಿಪಾಯಿಗೆ ಸಿಕ್ಕ ಕಲ್ಲುಸಕ್ಕರೆ ಅವನಿಗಿಲ್ಲ. ಸಿಖ್ಖನಿಗೆ ಬೇರೆ ಕೊಟ್ಟಿದ್ದು ಅವನ ನಂಬಿಕೆಗೆ ಕೊಟ್ಟ ಮರ್ಯಾದೆ. ಭಿಸ್ತಿಗೆ ಕಡಿಮೆ ಕೊಟ್ಟಿದ್ದು ಬರೀ ದರ್ಜೆ ನೋಡಿ. ಬೇರೆ ಕೊಡೋದಕ್ಕೂ ಕಡಿಮೆ ಕೊಡೋದಕ್ಕೂ ಇರುವ ವ್ಯತ್ಯಾಸ ಇದು. ಅದನ್ನೇ ನಾವು ಪಂಕ್ತಿಭೇದ ಅಂತೀವಿ. ಆ ಪಟ್ಟಿಯಲ್ಲಿ ನ್ಯಾಯವೂ ಇತ್ತು, ಪಂಕ್ತಿಭೇದವೂ ಇತ್ತು.

ಮೂರನೇ ಪ್ರಶ್ನೆ: ಯಾರಿಗೆಲ್ಲ ಕೊಡೋದು, ಯಾರಿಗೆ ಮೊದಲು? ಆರಂಭದಲ್ಲಿ ಲೆಕ್ಕ ಇದ್ದದ್ದು ರಣರಂಗದ ಮತ್ತು ನೌಕಾಪಡೆಯ ಸುಮಾರು ಐದು ಲಕ್ಷ ಜನರದ್ದು. ಆಮೇಲೆ ನಿಧಿ ಉಕ್ಕಿ ಹರಿಯಿತು, ಜೊತೆಗೆ ಪ್ರಶ್ನೆಯೂ ಎದ್ದಿತು. ಬೇರೆ ದೇಶದಲ್ಲಿ ಕಾವಲು ಕಾಯುವವನೇನು ತಪ್ಪು ಮಾಡಿದ? ತರಬೇತಿಯಲ್ಲಿ ಇರುವವನು ನಾಳೆ ಅದೇ ಕಂದಕಕ್ಕೆ ಹೋಗುವವನಲ್ಲವಾ? ಹಾಗಾಗಿ 1914ರ ಕ್ರಿಸ್‌ಮಸ್ ದಿನ ರಾಜನ ಸಮವಸ್ತ್ರ ತೊಟ್ಟಿದ್ದ ಎಲ್ಲರಿಗೂ ಅಂತ ತೀರ್ಮಾನ ಆಯ್ತು. ಸಂಖ್ಯೆ ಒಮ್ಮೆಲೇ ಸುಮಾರು 26 ಲಕ್ಷಕ್ಕೆ ಹಾರಿತು!

ಅಷ್ಟು ಡಬ್ಬಿ ಒಂದೇ ದಿನ ತಲುಪಿಸೋಕೆ ಆಗಲ್ಲ. ಆಗ ಮೂರು ವರ್ಗ ಮಾಡಿದರು. 'ಎ' ವರ್ಗ: ನೌಕಾಪಡೆ, ರಣರಂಗದ ಸೈನಿಕರು, ಗಾಯಗೊಂಡು ಆಸ್ಪತ್ರೆಯಲ್ಲಿ ಇದ್ದವರು, ಯುದ್ಧಕೈದಿಗಳು, ನರ್ಸ್‌ಗಳು. ಇದೇ 'ಎ' ವರ್ಗದಲ್ಲಿ ಇನ್ನೊಂದು ಸಾಲು ಇತ್ತು. ಆಗಲೇ ಸತ್ತುಹೋಗಿದ್ದವರ ವಿಧವೆಯರು, ತಂದೆತಾಯಿ. ಸತ್ತ ಅಂತ ಅವನ ಪಾಲನ್ನ ಹೊಡೆದು ಹಾಕಲಿಲ್ಲ. ಮೊದಲನೇ ಪಂಕ್ತಿಯಲ್ಲಿ ಅವನ ಎಲೆ ಹಾಗೇ ಇತ್ತು. 'ಬಿ' ವರ್ಗ: ಬ್ರಿಟನ್ನಿನ ಹೊರಗೆ ಇದ್ದ ಉಳಿದ ಬ್ರಿಟಿಷ್, ವಸಾಹತು, ಭಾರತೀಯ ಪಡೆಗಳು. 'ಸಿ' ವರ್ಗ: ಬ್ರಿಟನ್ನಿನ ಒಳಗೇ ಇದ್ದವರು. ಯಾರು ಸಾವಿಗೆ ಹತ್ತಿರ ಇದ್ದಾರೋ ಅವರು ಮೊದಲು. ಸರಳ ಸೂತ್ರ.

ಕ್ರಿಸ್‌ಮಸ್ ದಿನದ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಡಬ್ಬಿ ತಲುಪಿತ್ತು. ಆದರೆ ಉಳಿದವರು? ಯುದ್ಧಕ್ಕೇ ಹಿತ್ತಾಳೆ ಸಾಲದಾಯ್ತು, ಗುಂಡು ತಯಾರಿಸೋಕೆ ಬೇಕು. ಲೈಟರ್ ಸಾಲದೆ ಬಾಚಣಿಗೆ, ಚಾಕು, ಕತ್ತರಿ, ಶೇವಿಂಗ್ ಬ್ರಷ್, ಏನು ಸಿಕ್ಕಿತೋ ಅದನ್ನ ಬದಲಿಗೆ ಹಾಕಿದರು. ಡಬ್ಬಿಗೆ ಅಂತ ಅಮೆರಿಕದಿಂದ ತರಿಸುತ್ತಿದ್ದ ಹಿತ್ತಾಳೆಯಲ್ಲಿ ಒಂದಷ್ಟು 1915ರ ಮೇ 7ರಂದು ಲೂಸಿಟಾನಿಯಾ ಹಡಗಿನ ಜೊತೆ ಸಮುದ್ರದ ತಳ ಸೇರಿತು. ಆದರೂ ಅವರು ಪಟ್ಟಿ ಮುಚ್ಚಲಿಲ್ಲ. ಯುದ್ಧ ಮುಗಿದ ಮೇಲೂ ಹಂಚಿದರು. 1920ರಲ್ಲಿ ನಿಧಿ ಮುಚ್ಚುವ ಹೊತ್ತಿಗೆ 25 ಲಕ್ಷ ದಾಟಿತ್ತು. ಐದು ವರ್ಷ ತಡವಾಗಿ ಬಂದ ಕ್ರಿಸ್‌ಮಸ್ ಉಡುಗೊರೆ! ನಗು ಬರುತ್ತೆ. ಆದರೆ ತಡವಾಗಿ ಕೊಟ್ಟವನಿಗೂ ಮರೆತುಬಿಟ್ಟವನಿಗೂ ಅಜಗಜಾಂತರ.

ಇದರಲ್ಲಿ ನಮ್ಮ ನಂಟೂ ಇದೆ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಭಾರತದಿಂದ ಹೊರಟ ಪಡೆಗಳ ಖರ್ಚಿಗೆ ಅಂತ 50 ಲಕ್ಷ ರೂಪಾಯಿ ಕೊಟ್ಟಿದ್ದರು. ಆ ಕಾಲದ 50 ಲಕ್ಷ! ಆ ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾಯೋಕೆ ಇಳಿದಿದ್ದರು. ಲಂಡನ್ನಿನ ಲೆಕ್ಕದಲ್ಲಿ ಈಜಿಪ್ಟಿನ ಭಾರತೀಯ ಪಡೆ ಅಂದರೆ ಎರಡನೇ ಪಂಕ್ತಿ. ಆದರೆ 1918ರ ಸೆಪ್ಟೆಂಬರ್ 23ರಂದು ಇದೇ ಲ್ಯಾನ್ಸರ್ಸ್ ಜೋಧಪುರದವರ ಜೊತೆ ಕುದುರೆ ಏರಿ, ಈಟಿ ಹಿಡಿದು, ಮೆಷಿನ್‌ಗನ್‌ಗಳ ಎದುರು ನುಗ್ಗಿ ಹೈಫಾ ಗೆದ್ದರು. ಇವತ್ತು ಎರಡನೇ ಪಂಕ್ತಿಯಲ್ಲಿ ಇರುವವನು ನಾಳೆ ಮೊದಲನೇ ಸಾಲಿನಲ್ಲಿ ನಿಂತಿರ್ತಾನೆ. ಉಡುಗೊರೆ ಹಂಚುವವರು ಇದನ್ನ ಮರೆಯಬಾರದು.

ಇದು ಸಮಿತಿಯ ನ್ಯಾಯ ಆಯ್ತು. ಸೈನಿಕರ ನಡುವಿನ ನ್ಯಾಯ ಹೇಗಿತ್ತು? ಅದು ಇನ್ನೂ ದೊಡ್ಡದು. ಉಳ್ಳವರ ಮನೆಯ ಅಧಿಕಾರಿಗೆ ಲಂಡನ್ನಿನ ದುಬಾರಿ ಅಂಗಡಿಯಿಂದ ಬುಟ್ಟಿ ಬುಟ್ಟಿ ತಿನಿಸು ಬರ್ತಿತ್ತು. ಅನಾಥನಿಗೆ ಏನೂ ಬರ್ತಿರಲಿಲ್ಲ. ಹಾಗಾಗಿ ಕಂದಕದಲ್ಲಿ ಒಂದು ಅಲಿಖಿತ ಪದ್ಧತಿ ಬೆಳೀತು. ಮನೆಯಿಂದ ಬಂದ ಪಾರ್ಸೆಲ್ಲು ಒಬ್ಬನದ್ದಲ್ಲ, ಜೊತೆಗಾರರೆಲ್ಲರದ್ದು. ಪಾರ್ಸೆಲ್ ಬರುವ ಹೊತ್ತಿಗೆ ಅದರ ಮಾಲೀಕ ಸತ್ತುಹೋಗಿದ್ದರೆ? ತಾಯಿ ಮಾಡಿ ಕಳಿಸಿದ ಕೇಕನ್ನ ಅವನ ಜೊತೆಗಾರರು ಹಂಚಿಕೊಂಡು ತಿಂತಿದ್ದರು. ಆ ತುತ್ತು ಗಂಟಲಲ್ಲಿ ಹೇಗೆ ಇಳಿದಿರಬಹುದು, ಯೋಚನೆ ಮಾಡಿ.

ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಗಳ ಶಿಬಿರಗಳಿಗೆ ರೆಡ್ ಕ್ರಾಸ್ ಪಾರ್ಸೆಲ್ ಬರ್ತಿತ್ತು. ಜರ್ಮನರ ಕೈಗೆ ಸಿಕ್ಕಿದ್ದ ಭಾರತೀಯ ಸೈನಿಕರಿಗೆ ಅಂತಲೇ ಲಂಡನ್ನಿನಿಂದ ಗೋಧಿಹಿಟ್ಟು, ಬೇಳೆ, ತುಪ್ಪ ತುಂಬಿದ ಬೇರೆ ಪಾರ್ಸೆಲ್ ಹೋಗ್ತಿತ್ತು. 1914ರ ಮಸಾಲೆ ಡಬ್ಬಿಯ ಪಾಠ ಮರೆತಿರಲಿಲ್ಲ ನೋಡಿ. ವಾರಕ್ಕೆ ತಲೆಗೊಂದು ಅಂತ ನಿಯಮ. ಬಾಂಬು ಬಿದ್ದು ರೈಲು ನಿಂತಾಗ ಒಂದೇ ಪಾರ್ಸೆಲ್ಲು ಇಬ್ಬರಿಗೆ, ನಾಲ್ವರಿಗೆ. ಹೊಟ್ಟೆಗಿಲ್ಲದ ಗಂಡಸರು, ನಡುವೆ ಒಂದು ಬ್ರೆಡ್ಡು. ಜಗಳ ಆಗದ ಹಾಗೆ ಹಂಚೋದು ಹೇಗೆ? ಅವರು ಕಂಡುಕೊಂಡ ನಿಯಮ ಒಂದೇ ಸಾಲಿನದ್ದು. ಯಾರು ಕತ್ತರಿಸ್ತಾನೋ ಅವನು ಕೊನೇ ತುಂಡು ತಗೋಬೇಕು. ಅಷ್ಟೇ! ಕೊನೇ ತುಂಡು ತನ್ನದು ಅಂತ ಗೊತ್ತಿದ್ದರೆ ಯಾರ ಕೈಯೂ ವಾರೆಯಾಗಲ್ಲ.

ನಮ್ಮ ದೇಶಕ್ಕೆ ಬರೋಣ. 1962ರಲ್ಲಿ ಚೀನಾ ಮೇಲೆ ಬಿದ್ದಾಗ ಹೆಣ್ಣುಮಕ್ಕಳು ಕೈಬಳೆ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು, ಊರೂರಲ್ಲಿ ಕೂತು ಸ್ವೆಟರ್ ಹೆಣೆದರು. ಆದರೆ ಆ ಅಕ್ಟೋಬರ್‌ನಲ್ಲಿ ನಮ್ಕಾ ಚು ನದಿ ದಡದಲ್ಲಿ ಮೊದಲ ಪೆಟ್ಟು ತಿಂದ ನಮ್ಮ ಹುಡುಗರ ಮೈಮೇಲೆ ಇದ್ದದ್ದು ಹತ್ತಿ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಶೂ. ಬೆಚ್ಚನೆ ಬಟ್ಟೆ, ಗಟ್ಟಿ ಬೂಟು ಸೈನಿಕನ ಹಕ್ಕು, ಅದು ಸರ್ಕಾರದ ಸಾಲ. ಜನರ ಪಾರ್ಸೆಲ್ಲು ಪ್ರೀತಿ. ಪ್ರೀತಿ ತೋರಿಸಿ ಸಾಲ ತೀರಿಸಿದ ಲೆಕ್ಕ ಬರೆಯೋ ಹಾಗಿಲ್ಲ.

ಹಾಗಾದ್ರೆ ನಾವೇನು ಮಾಡ್ಬೇಕು? ಖಂಡಿತ ಕೊಡಿ. ಆದರೆ ನಿಮ್ಮ ಫೋಟೋಗೆ ಒಪ್ಪುವ ಜಾಗಕ್ಕೇ ಹೋಗಬೇಕು ಅಂತ ಹಟ ಬೇಡ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೀತಿದೆ. ಅಂಗಿಗೆ ಚುಚ್ಚುವ ಆ ಪುಟ್ಟ ಬಾವುಟದ ದುಡ್ಡು ಯಾವುದೋ ಒಂದು ಶಿಖರಕ್ಕೆ ಹೋಗಲ್ಲ. ಸೈನಿಕರ ವಿಧವೆಯರಿಗೆ, ಮಾಜಿ ಸೈನಿಕರಿಗೆ, ಅವರ ಮಕ್ಕಳಿಗೆ ಹೋಗುತ್ತೆ. ಅಂದರೆ ಟಿವಿಯಲ್ಲಿ ಕಾಣದವರಿಗೆ. ಯಾವುದಾದರೂ ಘಟಕಕ್ಕೇ ಕಳಿಸ್ತೀರಾ? ಅವರಿಗೆ ಏನು ಬೇಕು ಅಂತ ಮೊದಲು ಕೇಳಿ. ಎಷ್ಟು ಜನ ಇದ್ದಾರೆ ಅಂತ ಕೇಳಿ. ಆ ಎಣಿಕೆಯಲ್ಲಿ ಅಡುಗೆಯವನು, ಡ್ರೈವರು, ಕಸ ಗುಡಿಸುವವನು ಸೇರಿದ್ದಾರಾ ಅಂತಲೂ ಕೇಳಿ.

ಭಿಸ್ತಿಯ ಡಬ್ಬಿಯಲ್ಲಿ ಕಲ್ಲುಸಕ್ಕರೆ ಇರಲಿಲ್ಲ. ಅದನ್ನ ಹಾಕುವ ಕೆಲಸ ಇನ್ನೂ ಬಾಕಿ ಇದೆ. ಬಡಿಸುವ ಸೌಟು ಈಗ ನಮ್ಮ ಕೈಯಲ್ಲಿದೆ. ಕೊನೇ ಪಂಕ್ತಿಯಲ್ಲಿ ಕೂತವನೂ ನಮ್ಮವನೇ.