ವಲಸೆ ಬಂದವರಿಗೆ ನೆರವು: ಧರ್ಮಕೇಂದ್ರಗಳ ಕಾರ್ಯಕರ್ತರು ತಿಳಿದಿರಬೇಕಾದ ವಿಷಯಗಳು

ನಮ್ಮ ಕರಾವಳಿಯ ಕಟ್ಟಡ ಕೆಲಸ, ಮೀನುಗಾರಿಕೆಯ ದಕ್ಕೆ, ಹೋಟೆಲು, ತೋಟ, ಎಲ್ಲಿ ನೋಡಿದರೂ ಇಂದು ಹೊರಗಿನಿಂದ ಬಂದ ದುಡಿಯುವ ಕೈಗಳು ಕಾಣುತ್ತವೆ. ಮೊದಲು ಕೊಪ್ಪಳ, ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದವರನ್ನು 'ಘಟ್ಟದವರು' ಎಂದು ಕರೆದೆವು. ಆಮೇಲೆ ಜಾರ್ಖಂಡ್, ಒಡಿಶಾ, ಬಂಗಾಳ, ಅಸ್ಸಾಂನಿಂದ ಬಂದವರನ್ನೆಲ್ಲ 'ಹಿಂದಿಯವರು' ಎಂದುಬಿಟ್ಟೆವು. ಜಾರ್ಖಂಡಿನ ಒರಾಂವ್, ಮುಂಡಾ, ಖಡಿಯಾ ಜನರಲ್ಲಿ ಅನೇಕರು ಕಥೋಲಿಕರು, ಮನೆಯಲ್ಲಿ ಕುಡುಖ್ ಅಥವಾ ಸಾದ್ರಿ ಮಾತನಾಡುವವರು. ಭಾನುವಾರದ ಪೂಜೆಗೆ ಬಂದು ಹಿಂದಿನ ಬಾಗಿಲ ಬಳಿ ನಿಂತು ಹೋಗುವ ಆ ಹುಡುಗರು ಯಾರೆಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಮೊದಲು ಒಂದು ಗೊಂದಲ ಬಗೆಹರಿಯಲಿ. ಈ ದೇಶದವರೇ ಆದವರು ವಲಸಿಗರು. ಸಂವಿಧಾನದ 19ನೇ ವಿಧಿ ಅವರಿಗೆ ದೇಶದ ಯಾವ ಭಾಗದಲ್ಲೂ ನೆಲೆಸುವ ಹಕ್ಕು ಕೊಟ್ಟಿದೆ. ಪ್ರಾಣಭಯದಿಂದ ಬೇರೆ ದೇಶ ಬಿಟ್ಟು ಬಂದವರು ನಿರಾಶ್ರಿತರು. ಭಾರತವು 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದರೂ ಮುಂಡಗೋಡಿನ ಟಿಬೆಟನ್ನರಿಗೆ ಸರಕಾರವೇ ಜಾಗ ಕೊಟ್ಟಿದೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ತಮಿಳರು ಈ ಎರಡೂ ಗುಂಪಿಗೆ ಸೇರಿದವರಲ್ಲ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿ ಬಂದ ಭಾರತೀಯ ಪ್ರಜೆಗಳು ಅವರು. ಅವರ ಮಕ್ಕಳು ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆದದ್ದು ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಕಥೆ. ವಿದೇಶೀಯರು ಯಾರೇ ಆಗಲಿ, ಅವರನ್ನು ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಸಿಕೊಂಡರೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸುವುದು ಕಡ್ಡಾಯ. ಆದರೆ ಬಂಗಾಳಿ ಮಾತನಾಡಿದ ಮಾತ್ರಕ್ಕೆ ಒಬ್ಬನನ್ನು ಬಾಂಗ್ಲಾದೇಶದವನೆಂದು ಸಂಶಯಿಸುವುದು ಅನ್ಯಾಯ. ಮಾಲ್ದಾ, ಮುರ್ಶಿದಾಬಾದ್ ನಮ್ಮ ದೇಶದಲ್ಲೇ ಇವೆ. ಗುರುತು ಪರಿಶೀಲಿಸುವುದು ಪೊಲೀಸರ ಕೆಲಸ, ದಾರಿಹೋಕರದ್ದೂ ಅಲ್ಲ, ನಮ್ಮದೂ ಅಲ್ಲ.

ರೇಷನ್ ವಿಷಯದಲ್ಲಿ ತಿಳಿವಳಿಕೆ ತೀರಾ ಕಡಿಮೆ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಂತೆ ಜಾರ್ಖಂಡಿನ ಕಾರ್ಡಿನ ಮೇಲೆ ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ. ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದು ಬೆರಳಚ್ಚು ಹೊಂದಿದರೆ ಸಾಕು. ಇಲ್ಲಿ ಒಬ್ಬನು ತನ್ನ ಪಾಲು ಪಡೆದರೂ ಊರಿನಲ್ಲಿರುವ ತಾಯಿ-ಮಕ್ಕಳು ಅವರ ಪಾಲನ್ನು ಅಲ್ಲೇ ಪಡೆಯಬಹುದು. ಅಂಗಡಿಯವರು ಇಲ್ಲವೆಂದರೆ ಜೊತೆಗೆ ಒಬ್ಬ ಸ್ಥಳೀಯರು ಹೋಗಿ ನಿಲ್ಲಿ. ನಮ್ಮ ತುಳುವಿಗೋ ಕೊಂಕಣಿಗೋ ಇರುವ ಬಲ ಅವರ ಕಾರ್ಡಿಗೆ ಇರುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಯಾವ ಮಗುವಿಗೂ ಜನನ ಪ್ರಮಾಣಪತ್ರ ಇಲ್ಲವೆಂದೋ ಟಿ.ಸಿ. ಬಂದಿಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಅದಕ್ಕಿಂತ ಚಿಕ್ಕವರಿಗೆ ಅಂಗನವಾಡಿ ಇದೆ. ಗರ್ಭಿಣಿಯರಿಗೆ ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯ ಕುಟುಂಬಗಳು ಊರಿಗೆ ಹೋಗುವುದು ಸರಿಯಾಗಿ ಶಾಲೆ ತೆರೆಯುವ ಹೊತ್ತಿಗೆ. ಆಗಸ್ಟಿನಲ್ಲಿ ಮರಳಿ ಬಂದ ಮಕ್ಕಳನ್ನು ಹುಡುಕಿ ಶಾಲೆಗೆ ಕಳಿಸುವ ಹೊಣೆಯನ್ನು ಆಯಾ ವಾಳೆಯ ಗುರಿಕಾರರು ವಹಿಸಿಕೊಂಡರೆ ಬಹಳ ಉಪಕಾರ. ದುಡಿಸಲ್ಪಡುವ ಮಗು ಕಂಡರೆ 1098ಕ್ಕೆ ಕರೆ ಮಾಡಿ.

ಜ್ವರವನ್ನು ಹಗುರವಾಗಿ ಕಾಣಬೇಡಿ. ಮಂಗಳೂರಿಗೆ ಮಲೇರಿಯಾ ಹೊಸತಲ್ಲ, ನೀರು ನಿಂತ ಕಟ್ಟಡಗಳಲ್ಲಿ ಮಲಗುವವರಿಗೆ ಅದು ಮೊದಲು ತಗಲುತ್ತದೆ. ಸರಕಾರಿ ಕೇಂದ್ರಗಳಲ್ಲಿ ರಕ್ತಪರೀಕ್ಷೆ, ಔಷಧ ಉಚಿತ. ವೈವಾಕ್ಸ್ ಮಲೇರಿಯಾಕ್ಕೆ ವೈದ್ಯರು ಸಾಮಾನ್ಯವಾಗಿ 14 ದಿನದ ಪ್ರೈಮಾಕ್ವಿನ್ ಮಾತ್ರೆ ಬರೆಯುತ್ತಾರೆ. ಮೂರನೇ ದಿನ ಜ್ವರ ಬಿಟ್ಟ ಕೂಡಲೇ ಕೆಲಸಕ್ಕೆ ಹೋಗಿ ಮಾತ್ರೆ ನಿಲ್ಲಿಸುವವರೇ ಹೆಚ್ಚು, ಕಾಯಿಲೆ ಮರುಕಳಿಸುವುದೂ ಹೀಗೆಯೇ.

ಕೆಲಸದ ಜಾಗದಲ್ಲಿ ಸಾವು ಸಂಭವಿಸಿದಾಗ ಏನು ಮಾಡಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಬಡವರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ಬಿದ್ದು ಸತ್ತವನ ಶವವನ್ನು ಅಂದೇ ರಾತ್ರಿ ಆಂಬುಲೆನ್ಸಿನಲ್ಲಿ ಊರಿಗೆ ಕಳಿಸಿ, ಕೈಗೆ ಸ್ವಲ್ಪ ಹಣವಿಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಥೆ ಮುಗಿಯುತ್ತದೆ. ಹಾಗಾಗಲು ಬಿಡಬೇಡಿ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಲಿ, ಮರಣೋತ್ತರ ಪರೀಕ್ಷೆ ನಡೆಯಲಿ. ಎರಡರ ಪ್ರತಿಯೂ ಕುಟುಂಬದವರ ಕೈಯಲ್ಲಿರಲಿ. ಕೆಲಸದಿಂದಾದ ಸಾವಿಗೆ ಮಾಲೀಕರು ಪರಿಹಾರ ಕೊಡಬೇಕೆಂಬುದು ಕಾನೂನು, ದಾನವಲ್ಲ. ಮೃತನು ಯಾರ ಕೈಕೆಳಗೆ, ಎಂದಿನಿಂದ ದುಡಿಯುತ್ತಿದ್ದನೆಂದು ಜೊತೆಗಾರರಿಂದ ಆಗಲೇ ಬರೆಸಿಕೊಳ್ಳಿ, ವಾರ ಕಳೆದರೆ ಅವರೂ ಬೇರೆ ಊರಿನಲ್ಲಿರುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ, ದೂರವಾಣಿ 15100. ಇದಕ್ಕಿಂತ ಮೊದಲೇ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರನ್ನು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಆ ಕಡೆಯಿಂದಲೂ ನೆರವು ಸಿಗುತ್ತದೆ.

ನೆರವಿಗೆ ಹೋಗುವವರು 'ನೀನು' ಎನ್ನದೆ 'ನೀವು', 'ಆಪ್' ಎನ್ನಿ. ಮೇಸ್ತ್ರಿಯ ಮೂಲಕ ಮಾತನಾಡಿಸಬೇಡಿ, ಸಂಬಳದ ತಕರಾರು ಅವನ ಮೇಲೆಯೇ ಇರಬಹುದು. ಮೂಲ ದಾಖಲೆಗಳನ್ನು ನಮ್ಮ ಕಚೇರಿಯಲ್ಲಿ ಇಟ್ಟುಕೊಳ್ಳಬಾರದು. ಪ್ರತಿ ತೆಗೆದು ಅಲ್ಲೇ ಮರಳಿಸಿ. ಅಕ್ಕಿ ಹಂಚುವಾಗ ಫೋಟೋ ತೆಗೆದು ಪತ್ರಿಕೆಗೆ ಕೊಡುವ ಅಭ್ಯಾಸವೂ ನಮಗೆ ಸರಿಕಾಣುವುದಿಲ್ಲ. ಬೇರೆ ಧರ್ಮದವರು ನೆರವು ಕೇಳಿದರೆ ಅಷ್ಟೇ ನೆರವು ಕೊಡಿ, ಬೇರೇನೂ ಕೇಳಬೇಡಿ.

ಕಥೋಲಿಕರಾದರೆ ಊರಿನ ಧರ್ಮಕೇಂದ್ರದ ಹೆಸರು ಬರೆದುಕೊಳ್ಳಿ. ಮದುವೆ, ಮಗುವಿನ ಜ್ಞಾನಸ್ನಾನದ ಸಂದರ್ಭದಲ್ಲಿ ಅಲ್ಲಿಯ ಧರ್ಮಗುರುಗಳಿಗೆ ನಮ್ಮ ಕಚೇರಿಯೇ ಪತ್ರ ಬರೆಯಬಹುದು. ಅದಕ್ಕಾಗಿ ಒಬ್ಬ ಕೂಲಿಕಾರನನ್ನು ಎರಡು ದಿನದ ರೈಲು ಪ್ರಯಾಣ ಮಾಡಿಸಬೇಕಾಗಿಲ್ಲ. 2018ರ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್ ಅವರು ವಲಸಿಗರನ್ನು ಸ್ವಾಗತಿಸಿ, ರಕ್ಷಿಸಿ, ಬೆಳೆಸಿ, ಒಂದಾಗಿಸಿ ಎಂದು ಹೇಳಿದ್ದರು. ನಮ್ಮಲ್ಲಿ ಸ್ವಾಗತಕ್ಕೇನೂ ಕೊರತೆಯಿಲ್ಲ, ಒಂದಾಗಿಸುವುದೇ ಬಾಕಿ. ಮುಂದಿನ ಹಬ್ಬದ ತಯಾರಿಯ ಸಭೆಗೆ ಆ ಹುಡುಗರಲ್ಲಿ ಇಬ್ಬರನ್ನು ಕರೆಯಿರಿ, ಬೆಂಚು ಎತ್ತಿಡಲು ಮಾತ್ರವಲ್ಲ, ಒಂದು ವಾಚನ ಓದಲಿಕ್ಕೂ.