ಗಾಡಿ ಹೊಡೆಯುವವನ ಗಮನ

ಯಳಂದೂರು ಬಳಿಯ ಮಾಂಬಳ್ಳಿಯ ಸುತ್ತಿನ ರಸ್ತೆಗಳು ಎರಡು ಆಡಳಿತಗಳನ್ನು ಕಂಡವು. ಯಳಂದೂರು 1807ರಿಂದ ಮೈಸೂರಿನ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಪಕ್ಕದ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಮದ್ರಾಸಿನ ಕಡೆ ಜಾರಿಯಲ್ಲಿದ್ದ ಬ್ರಿಟಿಷರ 1860ರ ದಂಡ ಸಂಹಿತೆಯ 279ನೇ ಕಲಂ, ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗಾಡಿ ಹೊಡೆಯುವುದನ್ನೂ ಕುದುರೆ ಓಡಿಸುವುದನ್ನೂ ಅಪರಾಧವೆಂದಿತು. ಆಗ ಮೋಟಾರು ಕಾರು ಇನ್ನೂ ಹುಟ್ಟಿರಲಿಲ್ಲ. ಕಾನೂನಿನ ಕಣ್ಣು ಮೊದಲಿನಿಂದಲೂ ವಾಹನಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವವನ ಗಮನದ ಮೇಲಿತ್ತು.

ಹಾಗಿದ್ದರೆ ಹಳೆಯ ಕಲಮೇ ಸಾಲುತ್ತಿರಲಿಲ್ಲವೇ, ವಾಹನ ಓಡಿಸುವಾಗಿನ ಮೊಬೈಲ್ ಬಳಕೆಗೆಂದು ಬೇರೆ ನಿಷೇಧವೇಕೆ ಎಂಬ ಆಕ್ಷೇಪ ತೂಕದ್ದೇ. ಆದರೆ ಆ ಕಲಮಿನಡಿ ಜೀವಕ್ಕೆ ಅಪಾಯವೋ ಗಾಯದ ಸಂಭವವೋ ಇತ್ತೆಂದು ರುಜುವಾತು ಮಾಡಬೇಕಿತ್ತು. ಸಾಮಾನ್ಯವಾಗಿ ಅದು ಅಪಘಾತವಾದ ಮೇಲಿನ ಮಾತಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರ ತಿದ್ದುಪಡಿ ಕೈಯಲ್ಲಿ ಹಿಡಿದ ಫೋನಿನ ಬಳಕೆಯನ್ನು ಹೆಸರಿಸಿಯೇ ಸೇರಿಸಿತು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ 5 ಸೆಕೆಂಡಿನಲ್ಲಿ 83 ಮೀಟರ್ ಸಾಗುತ್ತದೆ. ಕಬ್ಬಿನ ಗಾಡಿ ಸಾಗುವ, ಸುಗ್ಗಿಯಲ್ಲಿ ಒಕ್ಕಣೆಯೂ ನಡೆಯುವ (ಅದೂ ತಪ್ಪೇ, ಬಿಡಿ) ರಸ್ತೆಯಲ್ಲಿ ಮೆಸೇಜು ಓದುತ್ತಾ ಅಷ್ಟು ದೂರ ಹೋಗುವುದು ಕುರುಡು ಸವಾರಿ.

ಬಾಡಿಗೆ ಗಾಡಿಯವನಿಗೆ ಫೋನೇ ಅನ್ನ ಎನ್ನುವುದೂ ನಿಜ. ಪಕ್ಕಕ್ಕೆ ನಿಲ್ಲಿಸಿ ಮಾತಾಡಿದರೆ ಅನ್ನವೂ ಉಳಿಯುತ್ತದೆ, ಕಾನೂನೂ ಅಡ್ಡಬರುವುದಿಲ್ಲ. ನನ್ನ ತಕರಾರು ಬೇರೆ: 2020ರ ಅಕ್ಟೋಬರಿನಿಂದ ಜಾರಿಯಾದ ನಿಯಮ, ಗಮನ ಕೆಡದಂತೆ ದಾರಿ ನೋಡಲು ಫೋನು ಬಳಸಬಹುದೆಂದಿತು. ಚಾಲಕ ನೋಡುತ್ತಿದ್ದುದು ನಕ್ಷೆಯನ್ನೋ ಮೆಸೇಜನ್ನೋ ಎಂದು ರಸ್ತೆಬದಿಯ ಪೇದೆ ಹೇಗೆ ಹೇಳಿಯಾನು?